ಕೆಂಪು ಹುಲ್ಲು ಹಸಿರಾಗಿ ಕಾಂಪೌಂಡ್ ದಾಟಿದೆ: ಇಟ್ಟುಕೊಳ್ಳಲೇ, ಕಿತ್ತು ಹಾಕಲೇ?

ಹಿತ್ತಲ ಹುಚ್ಚು (ರಾಯಚೂರು), ಜುಲೈ 6

ಎರಡು ವರ್ಷದ ಹಿಂದೆ ಊರ ಹೊರಗಿನ ಒಂದು ನರ್ಸರಿಯಿಂದ ಅಲಂಕಾರಿಕ ಹುಲ್ಲಿನ ಕುಂಡವೊಂದನ್ನು ತಂದೆ. ನೂರೈವತ್ತು ರೂಪಾಯಿ. ಗೇಣುದ್ದದ ನೆಟ್ಟಗಿನ ಎಲೆಗಳು, ತುದಿಯಿಂದ ಅರ್ಧದವರೆಗೆ ಕುಂಕುಮದ ಬಣ್ಣ. ಇಳಿಬಿಸಿಲು ಹಿಂದಿನಿಂದ ಬಿದ್ದರೆ ಎಲೆಯೊಳಗೆ ದೀಪ ಹಚ್ಚಿಟ್ಟಂತೆ ಕಾಣುತ್ತಿತ್ತು. ಮಾರುವವರು ಹೇಳಿದ್ದು ಇಷ್ಟೇ: ಜಪಾನಿನದು, ತಾನಾಗಿ ಹಬ್ಬುತ್ತದೆ, ನೋಡಿಕೊಳ್ಳುವ ಕೆಲಸವೇ ಇಲ್ಲ.

ಬಚ್ಚಲ ನೀರು ಹರಿಯುವ ಬದಿಗೆ, ಕಾಂಪೌಂಡ್ ಪಕ್ಕ, ನೇರ ಎರೆಮಣ್ಣಿಗೇ ಇಳಿಸಿದೆ. ಮೊದಲ ವರ್ಷ ನಾಲ್ಕು ಮೊಳಕೆ ಹೆಚ್ಚಾಯಿತು, ಖುಷಿಪಟ್ಟೆ. ಎರಡನೆಯ ವರ್ಷ ಕೆಂಪಿನ ನಡುವೆ ಹಸಿರು ಎಲೆಗಳು ಬಂದವು, ಅವು ಕೆಂಪಿಗಿಂತ ಎರಡು ಪಟ್ಟು ಎತ್ತರ. ಈ ಬೇಸಿಗೆಯಲ್ಲಿ ಮನೆಗೇ ನೀರು ಸಾಲದೆ ಅದಕ್ಕೆ ಹನಿಯೂ ಹಾಕಲಿಲ್ಲ. ಮೇ ತಿಂಗಳಲ್ಲಿ ಒಣಗಿ ಸೊಪ್ಪೆಯಾಗಿತ್ತು. ಸತ್ತಿತೆಂದು ನೆಲಮಟ್ಟಕ್ಕೆ ಕೊಯ್ದು ಮರೆತುಬಿಟ್ಟೆ.

ಜೂನಿನಲ್ಲಿ ಎರಡು ಮಳೆ ಬಿದ್ದದ್ದೇ ತಡ, ಆರು ಅಡಿ ಆಚೆ ಮೆಂತ್ಯದ ಮಡಿಯಲ್ಲಿ ಎದ್ದಿದೆ. ಅಂಗಳದ ಶಹಾಬಾದ್ ಫರಸಿಯ ಸಂದಿನಲ್ಲಿ ಎರಡು. ಕಾಂಪೌಂಡಿನ ಆ ಕಡೆ ಖಾಲಿ ನಿವೇಶನದಲ್ಲಿ ಎಷ್ಟೋ, ಎಣಿಸಲಿಲ್ಲ. ನಿನ್ನೆ ಬರಿಗೈಯಲ್ಲಿ ಹಿಡಿದು ಎಳೆದೆ. ಬುಡ ಬರಲಿಲ್ಲ, ತೋರುಬೆರಳಿನ ಮೇಲೆ ದಾರದಂತೆ ರಕ್ತ ಬಂತು. ಅತ್ತೆಯವರು ನೋಡಿ, 'ಇದಕ್ಕೆ ದುಡ್ಡು ಕೊಟ್ಟೆಯಾ?' ಎಂದು ಒಂದೇ ಮಾತು ಕೇಳಿ ಒಳಗೆ ಹೋದರು.

ಬಲ್ಲವರು ಹೇಳಿ. ಇದು ಅದೇ ಗಿಡವೇ, ಬೇರೆಯದೇ? ಮಿತಿಯಲ್ಲಿಟ್ಟು ಬೆಳೆಸಲು ಸಾಧ್ಯವೇ?


ಗಣಿ ಧೂಳು (ತೋರಣಗಲ್ಲು), ಜುಲೈ 6

ಕೆಂಪು ಹುಲ್ಲಿಗೆ ನೂರೈವತ್ತು ಕೊಟ್ಟಿರಾ? ನಮ್ಮಲ್ಲಿಗೆ ಬನ್ನಿ. ಇಲ್ಲಿ ಯಾವ ಹುಲ್ಲು ಹಾಕಿದರೂ ಹದಿನೈದು ದಿನಕ್ಕೆ ಕೆಂಪೇ. ಮಳೆ ಬಂದರೆ ಮಾತ್ರ ಹಸಿರಾಗುತ್ತದೆ.


ಎಡದಂಡೆ (ಸಿಂಧನೂರು), ಜುಲೈ 6

ತಮಾಷೆ ಇರಲಿ. 'ತಾನಾಗಿ ಹಬ್ಬುತ್ತದೆ' ಎನ್ನುವುದನ್ನು ಗುಣವೆಂದು ಹೇಳಿ ಮಾರುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಅಜ್ಜ ಅರ್ಧ ಆಯುಷ್ಯವನ್ನು ಎರೆಹೊಲದ ಕರಿಕೆ, ಅಂದರೆ ಗರಿಕೆ ಹುಲ್ಲು, ಕಡಿಯುವುದರಲ್ಲಿ ಕಳೆದರು. ಕುಂಟೆ ಹೊಡೆದರೆ ಕರಿಕೆ ಸಾಯುವುದಿಲ್ಲ, ತುಂಡಾಗುತ್ತದೆ. ಒಂದೊಂದು ಗಿಣ್ಣೂ ಒಂದೊಂದು ಸಸಿ. ಬಿಳಿಜೋಳ ಕೊಯ್ದ ಮೇಲೆ ಮಾಗಿ ಉಳುಮೆ ಮಾಡಿ, ಹೆಂಟೆ ಎಬ್ಬಿಸಿ, ಏಪ್ರಿಲ್ ಮೇ ಬಿಸಿಲಿಗೆ ಬೇರು ಒಡ್ಡಿ, ಆಮೇಲೆ ಮನೆಮಂದಿಯೆಲ್ಲ ಕೂತು ಆರಿಸಿ, ಬದುವಿನ ಮೇಲೆ ಗುಡ್ಡೆ ಹಾಕಿ ಸುಡುತ್ತಿದ್ದರು. ಅದೇ ಕರಿಕೆಯನ್ನು ಈಗ ಲಾನ್ ಎಂದು ಚದರ ಅಡಿಯ ಲೆಕ್ಕದಲ್ಲಿ ಹಾಸುತ್ತಾರೆ. ಹೆಸರು ಮಾತ್ರ ಬರ್ಮುಡಾ.

ಹುಲ್ಲು ತರುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದು ನಿಂತಲ್ಲೇ ದಪ್ಪವಾಗುತ್ತದೆಯೋ, ನಡೆಯುತ್ತದೆಯೋ? ನಡೆಯುವುದಾದರೆ ನೆಲದ ಮೇಲೋ, ಒಳಗೋ, ಗಾಳಿಯಲ್ಲಿ ಬೀಜವಾಗಿಯೋ? ಅದಕ್ಕೆ ಉತ್ತರ ಗೊತ್ತಿಲ್ಲದವರಿಂದ ಕೊಳ್ಳಬೇಡಿ.


ನಿವೃತ್ತ ಮೇಷ್ಟ್ರು (ಬಳ್ಳಾರಿ), ಜುಲೈ 7

ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವನು, ಹಾಗಾಗಿ ನೋಡದೆ ಹೆಸರು ಹೇಳುವುದಿಲ್ಲ. ಹಿತ್ತಲ ಹುಚ್ಚು ಅವರೇ, ಎರಡು ಕೆಲಸ ಮಾಡಿ. ಒಂದು, ಹಸಿರು ಎಲೆಯೊಂದನ್ನು ಬೆಳಕಿಗೆ ಹಿಡಿದು ನಡುನರ ಎಲ್ಲಿದೆ ನೋಡಿ. ಎರಡು, ಕೆಂಪು ಎಲೆ ಇನ್ನೂ ಉಳಿದಿದ್ದರೆ ಅದರ ಬುಡದಿಂದ ಹಸಿರಿನ ಬುಡದವರೆಗೆ ನಿಧಾನವಾಗಿ ಅಗೆಯಿರಿ. ಎಳೆಯಬೇಡಿ, ಬಿಡಿಸಿ. ಕೈಗೆ ಚೀಲ ಹಾಕಿಕೊಳ್ಳಿ. ಎಲೆಯ ಅಂಚಿನಲ್ಲಿ ಸಿಲಿಕಾ ಇರುವ ಸಣ್ಣ ಹಲ್ಲುಗಳಿರುತ್ತವೆ, ನಿಮ್ಮ ಬೆರಳು ಕೊಯ್ದದ್ದು ಅವೇ.


ಹಿತ್ತಲ ಹುಚ್ಚು (ರಾಯಚೂರು), ಜುಲೈ 10

ಮೇಷ್ಟ್ರೇ, ಅಗೆದೆ. ಮಳೆ ನಿಂತು ನಾಲ್ಕನೆಯ ದಿನ, ಮಣ್ಣು ಹದಕ್ಕೆ ಬಂದಿತ್ತು. ಅದಕ್ಕೂ ಮೊದಲು ಎರೆಗೆ ಸಲಿಕೆ ಹಾಕಿದರೆ ಸಲಿಕೆಯೇ ಮೇಲೆ ಬರುವುದಿಲ್ಲ, ಒಂದು ವಾರ ತಡವಾದರೆ ಹಾರೆಯೇ ಬೇಕು.

ನಡುನರ ನಡುವಿನಲ್ಲಿ ಇಲ್ಲ! ಬೆಳ್ಳಗೆ ಎದ್ದು ಕಾಣುತ್ತದೆ, ಆದರೆ ಎಲೆಯ ಒಂದು ಬದಿಗೆ ಸರಿದಿದೆ. ಬೈತಲೆಯನ್ನು ಓರೆಯಾಗಿ ತೆಗೆದಂತೆ.

ಬೇರಿನ ಕಥೆ ಇನ್ನೂ ವಿಚಿತ್ರ. ಒಂದು ಗೇಣು ಆಳದಲ್ಲಿ ಬಿಳಿಯ ಕಾಂಡ, ಪೆನ್ಸಿಲಿನ ಅರ್ಧ ದಪ್ಪ, ಗಿಣ್ಣು ಗಿಣ್ಣಿಗೂ ಕಂದು ಸಿಪ್ಪೆ. ತುದಿ ಗೋಣಿ ಹೊಲಿಯುವ ದಬ್ಬಣದಷ್ಟು ಚೂಪು. ಹಳೆಯ ದಾಸವಾಳದ ಬೇರೊಂದನ್ನು ಈ ಕಡೆಯಿಂದ ಚುಚ್ಚಿ ಆ ಕಡೆ ಹೊರಬಂದಿತ್ತು. ಒಂದೇ ಕಾಂಡದ ಮೇಲೆ, ಮೂರು ಬೆರಳಿನ ಅಂತರದಲ್ಲಿ, ಒಂದು ಕೆಂಪು ತುದಿಯ ಮೊಳಕೆ, ಒಂದು ಪೂರ್ತಿ ಹಸಿರು. ಅಂದರೆ ಎರಡೂ ಒಂದೇ ತಾಯಿಯ ಮಕ್ಕಳು. ನರ್ಸರಿಯವರನ್ನು ಸುಮ್ಮನೆ ಬೈದೆನೇನೋ.


ನಿವೃತ್ತ ಮೇಷ್ಟ್ರು (ಬಳ್ಳಾರಿ), ಜುಲೈ 10

ಬೈದದ್ದು ಪೂರ್ತಿ ತಪ್ಪಲ್ಲ. ಅವರು ಅರ್ಧ ಕಥೆ ಮಾತ್ರ ಹೇಳಿದ್ದಾರೆ.

ಇದು ಇಂಪೆರಾಟ ಸಿಲಿಂಡ್ರಿಕ. ನೀವು ತಂದದ್ದು ಅದರ ಕೆಂಪು ತಳಿ, ರೆಡ್ ಬ್ಯಾರನ್ ಎಂದು ಮಾರುತ್ತಾರೆ. ತಳಿ ಜಪಾನಿನದಾಗಿರಬಹುದು, ಜಾತಿ ನಮ್ಮದೂ ಹೌದು. ನಮ್ಮ ಹಳ್ಳದ ದಂಡೆಗಳಲ್ಲಿ, ಬದುಗಳಲ್ಲಿ ರೇಷ್ಮೆಯಂತಹ ಬಿಳಿ ತೆನೆ ಬಿಡುವ ಹುಲ್ಲು ಇದೇ. ಕೆಂಪು ತಳಿ ಮೆತ್ತಗಿನ ಸ್ವಭಾವದ್ದು, ನಿಧಾನವಾಗಿ ಹಬ್ಬುತ್ತದೆ, ತೆನೆ ಬಿಡುವುದು ಅಪರೂಪ. ಆದರೆ ಅದರಲ್ಲಿ ಆಗಾಗ ಹಸಿರು ಮೊಳಕೆ ಮರಳಿ ಬರುತ್ತದೆ. ಹಸಿರಿಗೆ ಪತ್ರಹರಿತ್ತು ಹೆಚ್ಚು, ಬೆಳವಣಿಗೆ ಹೆಚ್ಚು. ಕಾಣಿಸಿದ ದಿನವೇ ಕಿತ್ತು ಹಾಕದಿದ್ದರೆ ಅದು ಕೆಂಪನ್ನು ನುಂಗಿಬಿಡುತ್ತದೆ. ನಿಮ್ಮಲ್ಲಿ ಆದದ್ದು ಅದೇ. ನೆರಳಿನಲ್ಲಿ ಕೆಂಪು ಇನ್ನೂ ಮಂಕಾಗುತ್ತದೆ. ಕಾಂಪೌಂಡಿನ ನೆರಳೂ ಸೇರಿರಬೇಕು.

ಮೇ ತಿಂಗಳಲ್ಲಿ ಸತ್ತದ್ದು ಎಲೆ ಮಾತ್ರ. ಈ ಹುಲ್ಲಿನ ಬಹುಪಾಲು ಬಾಳು ನೆಲದೊಳಗೆ. ಬೆಂಕಿ ಬಿದ್ದರೂ ಮತ್ತೆ ಚಿಗುರುವ ಜಾತಿ ಇದು, ರಾಯಚೂರಿನ ಬಿಸಿಲು ಯಾವ ಲೆಕ್ಕ?

ಇನ್ನೊಂದು ಮಾತು. ಅಮೆರಿಕದ ಅಲಬಾಮಾಕ್ಕೆ 1912ರ ಸುಮಾರಿಗೆ ಜಪಾನಿನಿಂದ ಕಿತ್ತಳೆ ಸಸಿಗಳ ಪೆಟ್ಟಿಗೆಗಳು ಬಂದವು. ಸಸಿ ಜಜ್ಜದಿರಲೆಂದು ಒಳಗೆ ತುರುಕಿದ್ದು ಇದೇ ಹುಲ್ಲು. ಅದು ದಕ್ಷಿಣದ ಹಲವು ರಾಜ್ಯಗಳಿಗೆ ಹಬ್ಬಿ, ಈಗ ಆ ದೇಶದ ಸರಕಾರ ಅದನ್ನು ಕಳೆಗಳ ಪಟ್ಟಿಗೆ ಸೇರಿಸಿದೆ. ಆ ಪೆಟ್ಟಿಗೆಯೊಳಗಿನ ಹುಲ್ಲಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ ಎನ್ನುವುದೊಂದೇ ವ್ಯತ್ಯಾಸ.


ತುಳಸಿಕಟ್ಟೆ (ಕೊಪ್ಪಳ), ಜುಲೈ 11

ನಡುವೆ ಬಾಯಿ ಹಾಕುತ್ತಿದ್ದೇನೆ. ನೀವು ಹೇಳುವ ಗುರುತು ನೋಡಿದರೆ ಇದು ದರ್ಭೆಯಲ್ಲವೇ? ನಮ್ಮ ಮನೆಗೆ ಶ್ರಾದ್ಧಕ್ಕೆ ಬರುವ ಪುರೋಹಿತರು ತರುವ ಕಟ್ಟಿನ ಎಲೆಯೂ ಕೈ ಕೊಯ್ಯುತ್ತದೆ. ಮನೆಯಲ್ಲಿ ದರ್ಭೆ ಬೆಳೆದರೆ ಕಿತ್ತು ಹಾಕಿ ಎನ್ನುತ್ತಿದ್ದೀರಲ್ಲ!


ನಿವೃತ್ತ ಮೇಷ್ಟ್ರು (ಬಳ್ಳಾರಿ), ಜುಲೈ 11

ದರ್ಭೆ ಎಂದು ಎರಡು ಹುಲ್ಲುಗಳಿಗೆ ಹೇಳುವುದುಂಟು. ಒಂದು ಈ ಇಂಪೆರಾಟ. ಇನ್ನೊಂದು ಡೆಸ್ಮೊಸ್ಟಾಕಿಯ, ಕುಶ ಎಂದು ಹೆಚ್ಚಾಗಿ ಕರೆಯುವುದು ಅದನ್ನು. ತೆನೆ ನೋಡಿದರೆ ತಿಳಿಯುತ್ತದೆ: ಇಂಪೆರಾಟದ್ದು ಬೆಳ್ಳಿ ಬಣ್ಣದ ಮೆತ್ತನೆಯ ಕುಚ್ಚು, ಕುಶದ್ದು ಕಂದು ಬಣ್ಣದ ಒರಟು ತೆನೆ. ಕುಶ ಸವಳು ನೆಲವನ್ನೂ ಸಹಿಸುತ್ತದೆ. ಎರಡೂ ನೆಲದೊಳಗೆ ನಡೆಯುವ ಹುಲ್ಲುಗಳೇ.


ತುಳಸಿಕಟ್ಟೆ (ಕೊಪ್ಪಳ), ಜುಲೈ 11

ನಮ್ಮ ಪುರೋಹಿತರನ್ನು ಕೇಳಿದೆ. 'ಕೊಯ್ಯುವುದು ಹೇಗೆಂದು ಹೇಳಬಲ್ಲೆ, ಹಿತ್ತಲಲ್ಲಿ ಸಾಕುವುದು ಹೇಗೆಂದು ಹೇಳಲಾರೆ, ನಾನು ತರುವುದು ಹೊಳೆದಂಡೆಯಿಂದ' ಎಂದರು. ಹಬ್ಬುವ ಹುಲ್ಲಿನ ಮಾತು ಬಂದದ್ದಕ್ಕೆ ಇನ್ನೊಂದು ಕೇಳುತ್ತೇನೆ: ಗಣಪತಿಗೆ ಇಪ್ಪತ್ತೊಂದು ಗರಿಕೆ ಏರಿಸಲು ಕುಂಡದಲ್ಲಿ ಬೆಳೆಸಬಹುದೇ, ಅಥವಾ ಎಡದಂಡೆಯವರು ಅದಕ್ಕೂ ಸಿಟ್ಟಾಗುತ್ತಾರೆಯೇ?


ಎಡದಂಡೆ (ಸಿಂಧನೂರು), ಜುಲೈ 11

ಗಣಪತಿಗೆ ಸಿಟ್ಟಾಗುವಷ್ಟು ಧೈರ್ಯ ಇಲ್ಲ, ತಾಯಿ. ಅಗಲ ಬಾಯಿಯ ಕುಂಡದಲ್ಲಿ ಬೆಳೆಸಿ. ಕುಂಡವನ್ನು ನೆಲದ ಮೇಲೆ ಇಡಬೇಡಿ, ಫರಸಿಯ ಮೇಲೆ ಇಡಿ, ತಳದ ತೂತಿನಿಂದ ಬೇರು ಮಣ್ಣಿಗೆ ಇಳಿಯುತ್ತದೆ. ಅಂಚಿನಿಂದ ಜೋತು ಬಿದ್ದ ಬಳ್ಳಿಯನ್ನು ವಾರಕ್ಕೊಮ್ಮೆ ಕತ್ತರಿಸಿ. ಎಳೆಯ ಕುಡಿಯೇ ತಾನೇ ಪೂಜೆಗೆ ಬೇಕಾದದ್ದು, ಕತ್ತರಿಸಿದಷ್ಟೂ ಅದು ಬರುತ್ತದೆ.


ಹೊಸ ಮನೆ (ಬಳ್ಳಾರಿ), ಜುಲೈ 13

ಇಷ್ಟೆಲ್ಲ ಯಾಕೆ? ಕಳೆನಾಶಕ ಹೊಡೆದರೆ ಹದಿನೈದು ದಿನದಲ್ಲಿ ಮುಗಿಯಿತಲ್ಲ. ನಮ್ಮ ನಿವೇಶನದಲ್ಲಿ ಗ್ಲೈಫೋಸೇಟ್ ಹೊಡೆಸಿದ್ದೆವು, ಜಾಲಿಯೊಂದನ್ನು ಬಿಟ್ಟು ಎಲ್ಲವೂ ಸತ್ತಿತು.


ನಿವೃತ್ತ ಮೇಷ್ಟ್ರು (ಬಳ್ಳಾರಿ), ಜುಲೈ 13

ಒಂದೇ ಸಲಕ್ಕೆ ಈ ಹುಲ್ಲು ಮುಗಿಯುವುದಿಲ್ಲ. ಎಲೆಯಿಂದ ಒಳಗಿನ ಕಾಂಡಕ್ಕೆ ಔಷಧ ಇಳಿಯಬೇಕು, ಕಾಂಡದ ಉದ್ದಕ್ಕೂ ಮಲಗಿರುವ ಮೊಗ್ಗುಗಳಿಗೆ ಅದು ಪೂರ್ತಿ ತಲುಪುವುದಿಲ್ಲ. ಮತ್ತೆ ಮತ್ತೆ ಹೊಡೆಯಬೇಕಾಗುತ್ತದೆ. ಅದಲ್ಲದೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಮೆಂತ್ಯದ ಮಡಿಯ ಪಕ್ಕ ಬಚ್ಚಲ ನೀರಿನ ಹರಿವಿನಲ್ಲಿ ಅದನ್ನು ಸುರಿಯುವ ಸಲಹೆಯನ್ನು ನಾನಂತೂ ಕೊಡಲಾರೆ.


ಹೊಸ ಮನೆ (ಬಳ್ಳಾರಿ), ಜುಲೈ 13

ನಾನು ಖಾಲಿ ನಿವೇಶನದ ಮಾತು ಹೇಳಿದ್ದು, ಮೆಂತ್ಯದ್ದಲ್ಲ. ಮೇಷ್ಟ್ರು ಎಲ್ಲರನ್ನೂ ಕೊನೆಯ ಬೆಂಚಿನ ಹುಡುಗರೆಂದೇ ನೋಡುತ್ತಾರೆ.


ಎಡದಂಡೆ (ಸಿಂಧನೂರು), ಜುಲೈ 13

ನಿವೇಶನ ಪಕ್ಕದವರದು, ಕೇಳದೆ ಔಷಧ ಹೊಡೆಯುವುದು ಹೇಗೆ? ಆ ಕಡೆಯದನ್ನು ತಿಂಗಳಿಗೆ ಎರಡು ಸಲ ನೆಲಮಟ್ಟಕ್ಕೆ ಕೊಯ್ಯಿರಿ. ಎಲೆ ಬಿಡಲು ಬಿಡದಿದ್ದರೆ ಒಳಗಿನ ಕಾಂಡ ತನ್ನ ಕೂಡಿಟ್ಟ ಸಕ್ಕರೆಯನ್ನೇ ತಿಂದು ಬಡವಾಗುತ್ತದೆ. ಸಾಲ ಮಾಡಿ ಬೀಜ ಗೊಬ್ಬರ ಹಾಕಿದ ರೈತನಿಗೆ ಎರಡು ವರ್ಷ ಬೆಳೆ ಕೈಕೊಟ್ಟ ಹಾಗೆ.


ಕರಣೆ (ಗಂಗಾವತಿ), ಜುಲೈ 14

ಗಾರೆ ಕೆಲಸದವನು, ಗಿಡದ ಹೆಸರು ಗೊತ್ತಿಲ್ಲ. ಮಿತಿಯಲ್ಲಿಡುವುದು ಹೇಗೆ ಎಂಬ ಪ್ರಶ್ನೆಗೆ ಯಾರೂ ಉತ್ತರ ಹೇಳಿಲ್ಲ, ಅದನ್ನು ಹೇಳುತ್ತೇನೆ.

ಕೆಲವರು ಎರಡು ಅಡಿ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬೇಲಿಯ ಹಾಗೆ ಹೂಳುತ್ತಾರೆ. ಮಸಾರಿಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಅದು ನಿಲ್ಲುತ್ತದೆ. ಎರೆಯಲ್ಲಿ ಎರಡೇ ಬೇಸಿಗೆ. ಎರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿರುಕಿನೊಳಗೆ ಮೊಳಕೈವರೆಗೆ ಕೈ ಇಳಿಸಬಹುದು. ಹಾಳೆ ಆ ಎಳೆದಾಟದಲ್ಲಿ ಸೊಟ್ಟಗಾಗಿ ಮೇಲೆದ್ದು ಬರುತ್ತದೆ. ಇದೇ ಎಳೆದಾಟಕ್ಕೆ ಕಾಂಪೌಂಡ್ ಗೋಡೆಗಳೇ ಸೀಳುತ್ತವೆ, ಪ್ಲಾಸ್ಟಿಕ್ ಯಾವ ಮೂಲೆ? ನಿಮ್ಮ ಹುಲ್ಲು ಕಾಂಪೌಂಡಿನ ಅಡಿಯಿಂದ ಹೋಗಿದ್ದರೆ ಅಡಿಪಾಯದ ಪಕ್ಕದ ಬಿರುಕೇ ಅದಕ್ಕೆ ರಸ್ತೆ.

ನಾನು ಮಾಡುವುದು ಹೀಗೆ. ಶೌಚಗುಂಡಿಗೆ ಇಳಿಸುವ ಸಿಮೆಂಟ್ ಉಂಗುರ ಬರುತ್ತದಲ್ಲ, ಅದರಲ್ಲಿ ಚಿಕ್ಕ ಅಳತೆಯವು ಎರಡು. ಗುಂಡಿಯ ತಳಕ್ಕೆ ಮೊದಲು ಅರ್ಧ ಅಡಿ ಮೊರಂ (ಗರಸು ಮಣ್ಣು) ಹಾಕಿ ದಮ್ಮಸು ಮಾಡಿ, ಎರೆ ನೇರ ತಾಗಬಾರದು. ಅದರ ಮೇಲೆ ಒಂದು ಫರಸಿ. ಫರಸಿಯ ಮೇಲೆ ಉಂಗುರಗಳನ್ನು ಒಂದರ ಮೇಲೊಂದು ಕೂರಿಸಿ, ಎರಡೂ ಸಂದಿಗೆ ಸಿಮೆಂಟ್. ಮೇಲಿನ ಉಂಗುರ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಇರಲಿ, ಇಲ್ಲದಿದ್ದರೆ ಅಂಚಿನ ಮೇಲಿಂದ ದಾಟುತ್ತದೆ. ನೀರು ಬಸಿಯಲು ಒಂದೇ ತೂತು, ಅದೂ ಪಕ್ಕದಲ್ಲಿ, ಅದಕ್ಕೊಂದು ಅಡ್ಡ ಪೈಪ್ ಕೊಟ್ಟು ಬಾಯಿಗೆ ಸಣ್ಣ ಜಾಲರಿ. ಒಳಗೆ ತುಂಬುವುದು ಎರೆಯಲ್ಲ. ಮಸಾರಿ ಎರಡು ಪಾಲು, ಮರಳು ಒಂದು, ಗೊಬ್ಬರ ಒಂದು.


ಮಸಾರಿ ಮನೆ (ಕುಷ್ಟಗಿ), ಜುಲೈ 15

ಇಲ್ಲಿ ಎಲ್ಲರೂ ಹಬ್ಬುವ ಹುಲ್ಲನ್ನು ಕಳ್ಳನಂತೆ ನೋಡುತ್ತಿರುವುದಕ್ಕೆ ನನ್ನ ತಕರಾರಿದೆ. ನಮ್ಮ ಮನೆಯ ಮುಂದೆ ಬಿಳಿ ಗೆರೆಯ ಹುಲ್ಲು ಹದಿನೈದು ಅಡಿ ಉದ್ದಕ್ಕೆ ಹಬ್ಬಿದೆ. ಆರು ವರ್ಷ ಆಯಿತು, ಒಂದು ದಿನವೂ ಕಾಟ ಕೊಟ್ಟಿಲ್ಲ. ಚಪ್ಪಟೆ ಕಾಂಡ, ಬೆರಳಗಲದ ಎಲೆ, ತುದಿ ಮೊಂಡು, ಹಸಿರಿನ ಮೇಲೆ ಹಾಲಿನ ಗೆರೆ. ನೆಲದ ಮೇಲೇ ಹರಿಯುತ್ತದೆ, ಗಿಣ್ಣು ತಾಗಿದಲ್ಲಿ ಬೇರು ಬಿಡುತ್ತದೆ. ಕಣ್ಣಿಗೆ ಕಾಣುವಂತೆ ನಡೆಯುವವನನ್ನು ತಡೆಯುವುದು ಕಷ್ಟವೇ? ದಾರಿಯ ಅಂಚಿಗೆ ಬಂದಾಗ ಕತ್ತರಿ ಆಡಿಸುತ್ತೇನೆ, ಎತ್ತಿ ಆಡಿಗೆ ಹಾಕುತ್ತೇನೆ. ಎಡದಂಡೆಯವರ ಪ್ರಶ್ನೆ ಸರಿ, ಆದರೆ ಉತ್ತರ 'ನಡೆಯುತ್ತದೆ' ಎಂದಾಕ್ಷಣ ಹೆದರಬೇಕಿಲ್ಲ.


ನಿವೃತ್ತ ಮೇಷ್ಟ್ರು (ಬಳ್ಳಾರಿ), ಜುಲೈ 15

ನಿಮ್ಮದು ಸ್ಟೆನೊಟಾಫ್ರಮ್, ಸೇಂಟ್ ಆಗಸ್ಟೀನ್ ಹುಲ್ಲಿನ ಗೆರೆಯ ತಳಿ. ಕಾಂಡವೆಲ್ಲ ನೆಲದ ಮೇಲೆ, ಹಾಗಾಗಿ ಮಾತು ಕೇಳುತ್ತದೆ. ಉಪ್ಪನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಅರೆನೆರಳಿನಲ್ಲೂ ಬದುಕುತ್ತದೆ. ನೀರು ಮಾತ್ರ ಬೇಕು.

ಬಿಳಿ ಗೆರೆಯ ಹುಲ್ಲು ಎಂಬ ಒಂದೇ ಹೆಸರಿನಲ್ಲಿ ಇನ್ನೆರಡು ಸಿಗುತ್ತವೆ, ಹುಷಾರು. ರಿಬ್ಬನ್ ಗ್ರಾಸ್ ಎಂಬುದು ತಂಪು ದೇಶದ ಫಲಾರಿಸ್, ಒಳಗಿನಿಂದ ಹಬ್ಬುವಂಥದ್ದು. ಅದಕ್ಕೆ ತಂಪು, ತೇವ ಎರಡೂ ಬೇಕು, ನಮ್ಮ ಬೇಸಿಗೆ ಅದಕ್ಕೆ ಶಿಕ್ಷೆ. ಇನ್ನೊಂದು ಅರುಂಡೊ. ಕುಂಡದಲ್ಲಿರುವಾಗ ಮುದ್ದಾದ ಮೆಕ್ಕೆಜೋಳದ ಸಸಿಯಂತೆ ಇರುತ್ತದೆ, ನೆಲಕ್ಕಿಳಿಸಿದರೆ ಕಬ್ಬಿನಂತೆ ತಲೆಯ ಮೇಲೆ ಹೋಗುತ್ತದೆ, ಅಡಿಯಲ್ಲಿ ಶುಂಠಿಯಂತಹ ಗಡ್ಡೆ. ತುಂಗಭದ್ರೆಯ ಕಾಲುವೆಯ ಹತ್ತಿರ ಮನೆಯಿರುವವರು ಅದನ್ನು ತರಲೇಬೇಡಿ.


ಹಿತ್ತಲ ಹುಚ್ಚು (ರಾಯಚೂರು), ಜುಲೈ 19

ಎಲ್ಲವನ್ನೂ ಓದಿದೆ. ತೀರ್ಮಾನ: ಹಸಿರನ್ನೆಲ್ಲ ತೆಗೆಯುವುದು, ಕೆಂಪಿನ ಒಂದು ತುಂಡನ್ನು ಮಾತ್ರ ಕರಣೆಯವರ ಉಂಗುರದಲ್ಲಿ ಇಟ್ಟು ನೋಡುವುದು. ಅತ್ತೆಯವರು ಒಪ್ಪಿಲ್ಲ. ಪೊದೆ ಬೆಳೆದರೆ ಇಲಿ, ಇಲಿ ಬಂದರೆ ಹಾವು ಎನ್ನುತ್ತಾರೆ. ಅವರ ಮಾತನ್ನು ತೆಗೆದುಹಾಕುವಂತಿಲ್ಲ, ನಮ್ಮ ಓಣಿಯಲ್ಲಿ ಹೋದ ವರ್ಷ ಎರಡು ನಾಗರ ಬಂದಿದ್ದವು.

ಅಗೆದ ಜಾಗಕ್ಕೆ ಏನು ಮುಚ್ಚಲಿ? ಬಿಸಿಲಿನಲ್ಲಿ ಪಾರದರ್ಶಕ ಹಾಳೆ ಹೊದಿಸಿದರೆ ಬೇಯುತ್ತದೆ ಎಂದು ಓದಿದ್ದೇನೆ.


ಎಡದಂಡೆ (ಸಿಂಧನೂರು), ಜುಲೈ 19

ಅದು ಏಪ್ರಿಲ್ ಮೇ ತಿಂಗಳ ಕೆಲಸ. ಈಗ ಮೋಡದಲ್ಲಿ ಬೇಯುವುದಿಲ್ಲ, ಒಳಗೆ ಇನ್ನೂ ಹುಲುಸಾಗುತ್ತದೆ. ಈಗ ಬೇಕಾದದ್ದು ಕತ್ತಲೆ. ಹಳೆಯ ಫ್ಲೆಕ್ಸ್ ಹುಡುಕಿ, ಬೆನ್ನು ಕಪ್ಪು ಇರುವಂಥದ್ದು. ಹುಟ್ಟುಹಬ್ಬದ ಶುಭಾಶಯಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಎರಡು ಪದರ ಹಾಸಿ, ಅಂಚಿಗೆ ಕಲ್ಲು ಹೇರಿ. ತೆಳು ಹಾಳೆಯನ್ನು ಆ ದಬ್ಬಣ ಚುಚ್ಚಿಕೊಂಡು ಬರುತ್ತದೆ.

ಅಗೆದ ಬೇರನ್ನು ತಿಪ್ಪೆಗೆ ಹಾಕಬೇಡಿ. ತಗಡಿನ ಮೇಲೆ ಹರವಿ, ಮುರಿದರೆ ಟಕ್ಕೆನ್ನುವವರೆಗೆ ಒಣಗಿಸಿ, ಆಮೇಲೆ ಸುಡಿ. ಬೆರಳಿನ ಒಂದು ಗೆಣ್ಣಿನಷ್ಟು ತುಂಡು ಉಳಿದರೂ ಬರುತ್ತದೆ.


ಹಿತ್ತಲ ಹುಚ್ಚು (ರಾಯಚೂರು), ಅಕ್ಟೋಬರ್ 4

ಹೇಳಿದ ಹಾಗೆ ವರದಿ. ಎರಡು ದಿನ ಅಗೆಸಿದೆ. ಆಳು ಒಬ್ಬರು, ನಾನು, ಮಗ. ಇಪ್ಪತ್ತೈದು ಕೆಜಿ ಅಕ್ಕಿಯ ಚೀಲದಲ್ಲಿ ಮೂರು ಚೀಲ ಬೇರು. ಮೇಲಿನ ಒಂದು ಗೇಣು ಮಣ್ಣಿನಲ್ಲಿ ಹೆಚ್ಚು, ಆದರೆ ಹಳೆಯ ಬಿರುಕು ಇದ್ದಲ್ಲಿ ಮಾತ್ರ ಕಾಂಡ ನೆಟ್ಟಗೆ ಕೆಳಗೆ ಇಳಿದಿತ್ತು. ಒಂದನ್ನು ಮೂರು ಅಡಿಯವರೆಗೆ ಬೆನ್ನುಹತ್ತಿ ಬಿಟ್ಟುಬಿಟ್ಟೆವು. ಬಿರುಕೇ ರಸ್ತೆ ಎಂದು ಕರಣೆಯವರು ಹೇಳಿದ್ದನ್ನು ಕಣ್ಣಾರೆ ನೋಡಿದೆ.

ಫ್ಲೆಕ್ಸ್ ಸಿಕ್ಕಿತು. ಯಾರದೆಂದು ಹೇಳುವುದಿಲ್ಲ, ಮುಖ ಕೆಳಗೆ ಮಾಡಿ ಹಾಸಿದ್ದೇನೆ. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಜೋರಾಗಿ ಸುರಿದ ಮೇಲೆ ಒಂದು ಮೂಲೆಯಲ್ಲಿ, ಮಡಿಕೆ ಬಿದ್ದು ಸವೆದ ಗೆರೆಯಲ್ಲಿ, ಒಂದೇ ಒಂದು ಮೊಳಕೆ ಚುಚ್ಚಿಕೊಂಡು ಹೊರಬಂದಿತ್ತು. ಉಳಿದ ಕಡೆ ಎತ್ತಿ ನೋಡಿದೆ. ಬಿಳಿಚಿ ಹಳದಿಯಾದ ಮೊಳಕೆಗಳು ಫ್ಲೆಕ್ಸಿಗೆ ತಲೆ ತಾಗಿ ಸುರುಳಿ ಸುತ್ತಿಕೊಂಡಿದ್ದವು, ಶ್ಯಾವಿಗೆಯ ಹಾಗೆ. ಮತ್ತೆ ಮುಚ್ಚಿದೆ.

ಉಂಗುರದಲ್ಲಿ ಇಟ್ಟ ಕೆಂಪು ತುಂಡು ಬದುಕಿದೆ. ಐದು ಎಲೆ. ಪೂರ್ವದ ಬಿಸಿಲು ಬೀಳುವ ಕಡೆ ಇಟ್ಟದ್ದಕ್ಕೋ ಏನೋ, ಬಣ್ಣ ಮೊದಲಿನಂತೆ ಬಂದಿದೆ. ಒಂದು ಹಸಿರು ಮೊಳಕೆ ಬಂದಿತ್ತು, ಚಾಕುವಿನಿಂದ ಬುಡಸಹಿತ ತೆಗೆದೆ.


ಮಸಾರಿ ಮನೆ (ಕುಷ್ಟಗಿ), ಅಕ್ಟೋಬರ್ 5

ಐದು ಎಲೆಗೆ ಇಷ್ಟು ಖರ್ಚೇ! ಉಂಗುರ, ಫರಸಿ, ಆಳಿನ ಕೂಲಿ ಸೇರಿಸಿದರೆ ಎಷ್ಟಾಯಿತು?


ಹಿತ್ತಲ ಹುಚ್ಚು (ರಾಯಚೂರು), ಅಕ್ಟೋಬರ್ 5

ಅದನ್ನು ಮನೆಯಲ್ಲಿಯೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಫ್ಲೆಕ್ಸ್ ತೆಗೆದ ಮೇಲೆ ಆ ಜಾಗಕ್ಕೆ ಹುಲ್ಲೇ ಬೇಕು ಎಂಬ ಆಸೆ ಹೋಗಿಲ್ಲ. ನಿಂತಲ್ಲೇ ನಿಲ್ಲುವಂಥದ್ದು, ಗಾಳಿಗೆ ಬಳುಕುವಂಥದ್ದು, ಬಚ್ಚಲ ನೀರಿಗೂ ಬಿಸಿಲಿಗೂ ಜಗ್ಗದಂಥದ್ದು ಯಾವುದು?


ನಿವೃತ್ತ ಮೇಷ್ಟ್ರು (ಬಳ್ಳಾರಿ), ಅಕ್ಟೋಬರ್ 6

ಬಣ್ಣ ಬೇಕಿದ್ದರೆ ನೇರಳೆ ಫೌಂಟನ್ ಹುಲ್ಲು. ಬುಡ ಗುಂಪಾಗಿ ನಿಲ್ಲುತ್ತದೆ, ನರಿಬಾಲದಂತಹ ತೆನೆ ಬಾಗುತ್ತದೆ, ನೇರಳೆ ತಳಿಯಲ್ಲಿ ಮೊಳೆಯುವ ಬೀಜ ಇಲ್ಲವೆನ್ನುವಷ್ಟು ಕಡಿಮೆ. ಅದರದೇ ಹಸಿರು ಜಾತಿಯನ್ನು ತರಬೇಡಿ, ಅದು ಬೀಜದಿಂದಲೇ ಊರೆಲ್ಲ ತಿರುಗುತ್ತದೆ. ಆದರೆ ಬಚ್ಚಲ ನೀರು ನಿಲ್ಲುವ ಎರೆಯಲ್ಲಿ ಫೌಂಟನ್ ಕೊಳೆಯಬಹುದು.


ಎಡದಂಡೆ (ಸಿಂಧನೂರು), ಅಕ್ಟೋಬರ್ 6

ಬಚ್ಚಲ ಬದಿಗೆ ಲಾವಂಚ. ಎರಡನೆಯ ಮಾತಿಲ್ಲ. ಬೇರು ಪಕ್ಕಕ್ಕೆ ಹೋಗುವುದೇ ಇಲ್ಲ, ನೆಟ್ಟಗೆ ಪಾತಾಳಕ್ಕೆ; ಹತ್ತು ಅಡಿ ಇಳಿಯುವುದೂ ಉಂಟು. ನೀರು ನಿಂತರೂ ಸೈ, ನಾಲ್ಕು ತಿಂಗಳು ಒಣಗಿದರೂ ಸೈ, ಸವಳಾದರೂ ಸೈ. ನಮ್ಮ ಬಸಿಗಾಲುವೆಯ ಏರಿ ಕುಸಿಯುತ್ತಿದ್ದ ಕಡೆ ಎಂಟು ವರ್ಷದ ಹಿಂದೆ ಸಾಲಾಗಿ ಹಾಕಿದ್ದೆ, ಈಗಲೂ ಹಾಕಿದಲ್ಲೇ ಇದೆ, ಬುಡ ಮಾತ್ರ ತಬ್ಬುವಷ್ಟು ದಪ್ಪ. ಆಳೆತ್ತರ ಬೆಳೆಯುತ್ತದೆ. ವರ್ಷಕ್ಕೆ ಎರಡು ಸಲ ಮಂಡಿಯೆತ್ತರಕ್ಕೆ ಕೊಯ್ದರೆ ಅತ್ತೆಯವರ ಹಾವಿನ ಭಯಕ್ಕೂ ಸಮಾಧಾನ, ಬುಡ ಬೆಳಕಾಗಿರುತ್ತದೆ. ಹಳೆಯ ಬುಡವನ್ನು ಅಗೆದರೆ ಬೇರು ಕುಡಿಯುವ ನೀರಿನ ಹೂಜಿಗೂ ಆಯಿತು, ಕೂಲರಿಗೂ ಆಯಿತು.


ತುಳಸಿಕಟ್ಟೆ (ಕೊಪ್ಪಳ), ಅಕ್ಟೋಬರ್ 6

ಲಾವಂಚಕ್ಕೆ ನನ್ನದೂ ಒಂದು ಮತ. ನಮ್ಮ ಅಮ್ಮ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬೇರು ಇಡುತ್ತಿದ್ದರು. ಅವರು ಅದನ್ನು ಮುಡಿವಾಳ ಎನ್ನುತ್ತಿದ್ದರು.


ಗಣಿ ಧೂಳು (ತೋರಣಗಲ್ಲು), ಅಕ್ಟೋಬರ್ 7

ಮಜ್ಜಿಗೆ ಹುಲ್ಲನ್ನು ಎಲ್ಲರೂ ಮರೆತಿರಿ. ಅದೂ ಗುಂಪಾಗಿಯೇ ನಿಲ್ಲುತ್ತದೆ, ಚಹಾಕ್ಕೂ ಬರುತ್ತದೆ. ನಮ್ಮಲ್ಲಿ ತೊಳೆದು ಹಾಕಬೇಕು ಅಷ್ಟೇ, ಇಲ್ಲದಿದ್ದರೆ ಚಹಾದಲ್ಲಿ ಕಬ್ಬಿಣದ ಅಂಶ ಹೆಚ್ಚಾಗುತ್ತದೆ.


ಹಿತ್ತಲ ಹುಚ್ಚು (ರಾಯಚೂರು), ಜನವರಿ 11

ಸಂಕ್ರಾಂತಿಗೆ ಮೊದಲು ಅಂಗಳ ಸ್ವಚ್ಛ ಮಾಡಬೇಕೆಂದು ಫ್ಲೆಕ್ಸ್ ತೆಗೆದೆ. ಅಡಿಯಲ್ಲಿ ಹಸಿರು ಇಲ್ಲ. ಅಗೆದು ನೋಡಿದರೆ ಉಳಿದ ತುಂಡುಗಳು ಕಂದಾಗಿ, ಹಿಸುಕಿದರೆ ಒಳಗೆ ಟೊಳ್ಳು. ಅಂಚಿನಲ್ಲಿ, ಕಲ್ಲು ಸರಿದಿದ್ದ ಕಡೆ, ಎರಡು ಬಿಳಿ ತುಂಡುಗಳಿಗೆ ಇನ್ನೂ ಜೀವವಿತ್ತು. ಆ ಕಡೆಯ ನಿವೇಶನದ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದು ಕೊಯ್ಯುತ್ತಿದ್ದೇನೆ, ಅಲ್ಲಿ ಪೂರ್ತಿ ಹೋಗಲು ಇನ್ನೊಂದು ವರ್ಷ ಬೇಕೇನೋ. ಫರಸಿಯ ಸಂದಿಗೆ ಕುದಿಯುವ ನೀರು ಸುರಿದೆ, ಎಲೆ ಸತ್ತಿತು, ಮತ್ತೆ ಬಂತು. ಕೊನೆಗೆ ಫರಸಿಯನ್ನೇ ಎಬ್ಬಿಸಿ ತೆಗೆದೆ.

ಉಂಗುರದ ಕೆಂಪು ಹುಲ್ಲು ಚಳಿಗೆ ಇನ್ನೂ ಗಾಢವಾಗಿದೆ. ನಿನ್ನೆ ಸಂಜೆ ಅತ್ತೆಯವರು ಅದರ ಹತ್ತಿರ ಕುರ್ಚಿ ಹಾಕಿಕೊಂಡು ಅವರೆ ಸುಲಿಯುತ್ತಿದ್ದರು. ನಾನು ಏನೂ ಕೇಳಲಿಲ್ಲ.

ಎಡದಂಡೆಯವರೇ, ಲಾವಂಚ ಎಲ್ಲಿ ಸಿಗುತ್ತದೆ? ಅದೇ ನರ್ಸರಿಗೆ ಹೋಗಲು ಮನಸ್ಸಿಲ್ಲ.


ಎಡದಂಡೆ (ಸಿಂಧನೂರು), ಜನವರಿ 11

ಕೊಳ್ಳುವುದು ಬೇಡ. ಮುಂದಿನ ವಾರ ರಾಯಚೂರಿಗೆ ಭತ್ತದ ಲೆಕ್ಕ ತೀರಿಸಲು ಬರುತ್ತೇನೆ, ಹತ್ತು ಬುಡ ಸೀಳಿ ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತೇನೆ. ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿಯೇ ತರುತ್ತೇನೆ, ಬೇಸಿಗೆಗೆ ಮೊದಲು ಬೇರು ಹಿಡಿಯಲಿ. ಮಣ್ಣನ್ನೆಲ್ಲ ಕಾಲುವೆಯ ನೀರಿನಲ್ಲಿ ತೊಳೆದಿರುತ್ತೇನೆ. ಅದರಲ್ಲಿ ನಮ್ಮ ಹೊಲದ ಕರಿಕೆ ಇದ್ದರೆ ಅಜ್ಜ ನನ್ನನ್ನು ಸುಮ್ಮನೆ ಬಿಡುವುದಿಲ್ಲ.


ಹಿತ್ತಲ ಹುಚ್ಚು (ರಾಯಚೂರು), ಜನವರಿ 11

ತನ್ನಿ. ಬಂದ ಮೇಲೆ ಬಕೆಟ್‌ನಲ್ಲಿ ನಾನೂ ಒಮ್ಮೆ ತೊಳೆದು ನೋಡುತ್ತೇನೆ, ತಪ್ಪು ತಿಳಿಯಬೇಡಿ.